ಕಾಣಿಕೆಯ ಹೊತ್ತು

ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನ ಬೆರಳುಗಳಿಗೆ ಜಪಮಾಲೆ ಸುತ್ತುತ್ತಿದ್ದ ಆರೋಗ್ಯಮ್ಮ ಅದನ್ನು ಅರ್ಧಕ್ಕೇ ಬಿಟ್ಟು ಮತ್ತೆ ಎದ್ದು ಕಿಟಕಿಗೆ ಹೋದಳು. ಎದುರುಗಡೆ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ. ಗಾಡಿಯ ಪಕ್ಕದಲ್ಲಿ, ಬಿಳಿ ಸೀರೆಯ ಸೆರಗನ್ನು ತಲೆಗೆ ಹೊದ್ದುಕೊಂಡು ಅವಳ ತಂಗಿ ಲೂರ್ದು ಇನ್ನೂ ನಿಂತೇ ಇದ್ದಳು. ರಾಮಕೃಷ್ಣನಗರದಿಂದ ಒಂಟಿಕೊಪ್ಪಲಿಗೆ ಮೊದಲ ಬಸ್ಸಿಗೇ ಬಂದಿರಬೇಕು. ಬಂದವಳು ಗೇಟಿನ ತನಕ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

“ನಿಂತಿದಾಳೆ ನೋಡು, ಕಂಬದ ಹಾಗೆ,” ಎಂದಳು ಆರೋಗ್ಯಮ್ಮ.

ಮಗಳು ಸ್ಟೆಲ್ಲಾ ಅಪ್ಪನ ತಲೆಯ ಬಳಿ ಮೇಣದಬತ್ತಿ ಬದಲಿಸುತ್ತಿದ್ದಳು. “ಚಿಕ್ಕಮ್ಮನ್ನ ಕರೀಲೇನಮ್ಮ?”

“ನಾನೇನು ಅವಳ ಕಾಲಿಗೆ ಹಗ್ಗ ಕಟ್ಟಿದೀನಾ? ಬರೋಳು ಬರಲಿ.”

“ಬರಬೇಡ ಅಂದಿದ್ದು ನೀನೇ ಅಲ್ವಾ?”

ಮಾತಿಗೆ ಸಿಕ್ಕಿಬಿದ್ದಾಗ ಆರೋಗ್ಯಮ್ಮ ಕೆಲಸ ಹುಡುಕಿಕೊಳ್ಳುವ ಹೆಂಗಸು. ಒರೆಸಿದ ಮೇಜನ್ನೇ ಇನ್ನೊಮ್ಮೆ ಒರೆಸಿದಳು. ಹಾರದಲ್ಲಿ ಬಾಡಿದ ಹೂ ಕೊಟ್ಟಿದ್ದಾನೆಂದು ಹೂವಿನವನನ್ನು ಬೈದಳು. ಬಂದವರು ಕೂರಲು ಜಾಗವಿದ್ದರೂ ಕುರ್ಚಿಗಳನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆದಳು. ಗಂಡ ಸತ್ತವಳು ಒಂದು ಮೂಲೆಯಲ್ಲಿ ಕೂತು ಅಳುತ್ತಾಳೆ, ಸಮಾಧಾನ ಹೇಳೋಣ ಎಂದು ಬಂದವರಿಗೆ ಇವಳನ್ನು ಹಿಡಿದು ಕೂರಿಸುವುದೇ ಕಷ್ಟವಾಯಿತು.

ಅಮ್ಮ ಅಡುಗೆಮನೆಗೆ ಹೋದದ್ದು ನೋಡಿ ಸ್ಟೆಲ್ಲಾ ರಸ್ತೆ ದಾಟಿದಳು. ಎರಡು ಮಾತಾಡಿ ಒಬ್ಬಳೇ ವಾಪಸ್ಸು ಬಂದಳು.

“ಏನಂದಳು?” ಎಂದು ಆರೋಗ್ಯಮ್ಮ ಬಾಗಿಲಲ್ಲೇ ಹಿಡಿದಳು.

“‘ಅಕ್ಕ ಬೇಡ ಅಂದ ಹೊಸ್ತಿಲನ್ನ ನಾನಾಗಿ ತುಳಿಯಲ್ಲ, ಅವಳೇ ಕರೆದರೆ ಬರ್ತೀನಿ. ಭಾವನ ಮುಖ ಒಂದು ಸಲ ನೋಡಬೇಕಿತ್ತು’ ಅಂದ್ರು.” ಸ್ಟೆಲ್ಲಾ ಧ್ವನಿ ತಗ್ಗಿಸಿದಳು. “ಅಮ್ಮಾ, ಸ್ಮಶಾನದಲ್ಲಿ ಪೆಟ್ಟಿಗೆ ಮುಚ್ಚೋ ತನಕ ಅಷ್ಟೇ. ಆಮೇಲೆ ನೀನು ಕರೆದರೂ ಒಂದೇ, ಬಿಟ್ಟರೂ ಒಂದೇ.”

“ಅಷ್ಟು ಜಂಬ ಇದ್ದರೆ ಅಲ್ಲೇ ಇರಲಿ ಬುಡು,” ಎಂದಳು ಆರೋಗ್ಯಮ್ಮ. ಹೇಳಿದ ಮೇಲೆ ಮತ್ತೆ ಕಿಟಕಿಗೆ ಹೋದಳು.

ಕಿಟಕಿಯ ಕೆಳಗೇ ಶಾಮಿಯಾನ. ಅದರಡಿಯಲ್ಲಿ ಪಕ್ಕದ ಮನೆಯ ವೃಷಭೇಂದ್ರಪ್ಪನವರು ಹಣೆಗೆ ವಿಭೂತಿ ಧರಿಸಿ, ತೀರಿಕೊಂಡ ಇನ್ನಾಸಪ್ಪನ ಹಳೇ ಸೈಕಲ್ಲನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದರು. ಯಾರೂ ಹೇಳದಿದ್ದರೂ ಬೆಳಿಗ್ಗೆಯೇ ಅದನ್ನು ಒರೆಸಿ, ಗಾಳಿ ಹೊಡೆಸಿಕೊಂಡು ಬಂದಿದ್ದರು. ಸುತ್ತ ಇದ್ದವರಲ್ಲಿ ಅರ್ಧ ಜನ ಇನ್ನಾಸಪ್ಪನ ಗಿರಾಕಿಗಳು. ಅವನದು ಕುಕ್ಕರು, ಗ್ಯಾಸ್ ಒಲೆ ರಿಪೇರಿ ಮಾಡುವ ಸಣ್ಣ ಅಂಗಡಿ. ಕೆಲಸ ಅಚ್ಚುಕಟ್ಟು, ಬಾಯಿ ಮಾತ್ರ ಬಹಳ ಕೆಟ್ಟದ್ದು.

“ನನ್ನ ಕುಕ್ಕರ್ ನೋಡಿ, ‘ಈ ಗ್ಯಾಸ್ಕೆಟ್ ಇಟ್ಕೊಂಡು ಅಡುಗೆ ಮಾಡ್ತೀರಲ್ಲಾ, ಮನೆಯವರನ್ನೆಲ್ಲ ಒಟ್ಟಿಗೇ ಕಳಿಸಿಬಿಡೋ ಯೋಚನೆಯಾ?’ ಅಂದಿದ್ರು,” ಎಂದರು ಕೃಷ್ಣಮೂರ್ತಿಪುರಂನಿಂದ ಬಂದಿದ್ದ ಪಂಕಜಾ. “ಆ ಭಾನುವಾರ ಮಧ್ಯಾಹ್ನ ಸೈಕಲ್ ತುಳ್ಕೊಂಡು ಅಷ್ಟು ದೂರ ನಮ್ಮ ಮನೆಗೇ ಬಂದ್ರು. ನಮ್ಮತ್ತೆ ಗಾಬರಿಯಾಗಿಬಿಟ್ರು. ನಿಮಗೂ ಬೈತಿದ್ರಾ?”

“ಬೈತಿದ್ರಾ ಅಂತ ಕೇಳ್ತೀರಲ್ಲಮ್ಮ!” ಎಂದರು ವೃಷಭೇಂದ್ರಪ್ಪ. “ಚರಂಡಿ ನೀರಿಗೆ ಬೈದರು, ತೆಂಗಿನ ಗರಿ ಬಿದ್ರೆ ಬೈದರು, ನಾನು ಸ್ಕೂಟರ್ ನಿಲ್ಲಿಸೋ ರೀತಿಗೆ ಬೈದರು. ಆದ್ರೆ ಭಾನುವಾರ ನಾನು ಪೂಜೆ ಮುಗಿಸಿ ಇಡ್ಲಿಗೆ ಕೂರೋ ಹೊತ್ತಿಗೆ ಸರಿಯಾಗಿ ಬಂದ್ಬುಡೋರು. ಬಾಗಿಲಲ್ಲೇ ನಿಂತು ಒಂದೇ ಮಾತು. ‘ನಿಮಗೆ ನನ್ನ ಮೇಲೆ ಬೇಜಾರಿದೆ. ಅದನ್ನ ಕೇಳೋಕೆ ಬಂದೆ.’”

“ನಮ್ಮನೇಲೂ ಅದೇ ಮಾತು. ಕ್ಷಮಿಸಿ ಅನ್ನಲೇ ಇಲ್ಲ.”

“ಅನ್ನೋರೇ ಅಲ್ಲ. ಕೇಳೋಕೆ ಬಂದೆ, ಅಷ್ಟೇ. ಆಮೇಲೆ ನಾನು ಬಾಯಿಗೆ ಬಂದಿದ್ದೆಲ್ಲ ಹೇಳೋದು, ಅವರು ತುಟಿ ಪಿಟಕ್ಕೆನ್ನದೆ ನಿಂತಿರೋದು. ‘ಇನ್ನೇನಾದ್ರೂ ಇದೆಯಾ?’ ಅನ್ನೋರು. ಇಲ್ಲ ಅಂದ್ರೆ ಸೈಕಲ್ ಹತ್ತೋರು. ಕಾಫಿ ಕೊಟ್ರೆ ಮುಟ್ತಿರಲಿಲ್ಲ, ಚರ್ಚಲ್ಲಿ ಇನ್ನೂ ಪ್ರಸಾದ ತಗೋಬೇಕು ಅನ್ನೋರು.” ವೃಷಭೇಂದ್ರಪ್ಪ ಸೈಕಲ್ಲಿನ ಬೆಲ್ಲನ್ನು ಬೆರಳಿನಿಂದ ಉಜ್ಜಿದರು. “ಒಂದು ಸಲ ಎದುರು ಮಾತಾಡಿದ್ದಿದ್ರೆ ನಾನೂ ನಾಲ್ಕು ತಿಂಗಳು ಜಗಳ ಕಾಯ್ತಿದ್ದೆ. ಅದಕ್ಕೂ ಬಿಡಲಿಲ್ಲ ಕಣಮ್ಮ ಆ ಮನುಷ್ಯ.”

ಅವರ ಹೆಂಡತಿ ಗಿರಿಜಾಂಬಾ ಉಪ್ಪಿಟ್ಟಿನ ಪಾತ್ರೆ ಹಿಡಿದು ಒಳಗೆ ಬಂದವರು ಆರೋಗ್ಯಮ್ಮನ ಕಿವಿಯಲ್ಲಿ ಹೇಳಿದರು. “ಈ ಭಾನುವಾರ ಇಡ್ಲಿ ಬೇಡ ಅಂದುಬಿಟ್ಟಿದಾರೆ ನಮ್ಮನೆಯವರು. ಒಂದು ತುತ್ತು ನೀವೂ ತಿನ್ರೀ, ಸಂಜೆ ತನಕ ನಿಲ್ಲಬೇಕು.”

ಆರೋಗ್ಯಮ್ಮನಿಗೆ ತುತ್ತು ಎಂಬ ಮಾತು ಕೇಳಿದ್ದೇ ಮೈಯೆಲ್ಲ ಉರಿದುಹೋಯಿತು. ಅವರು ಬಡಿಸಿಕೊಟ್ಟ ತಟ್ಟೆಯನ್ನು ಅಲ್ಲೇ ಇಟ್ಟು ಆಚೆ ನಡೆದಳು.

*

ಇನ್ನಾಸಪ್ಪನಿಗೆ ದೇವರ ಹತ್ತು ಕಟ್ಟಳೆಗಳನ್ನು ಸಾಲಾಗಿ ಹೇಳಲು ಸಾಯುವ ತನಕ ಬರಲಿಲ್ಲ. ಆರಕ್ಕೆ ಬಂದು ತಡವರಿಸಿ, ನೇರ ಒಂಬತ್ತಕ್ಕೆ ಹಾರುತ್ತಿದ್ದ. ಆದರೆ ಒಂದು ಮಾತು ಅವನ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಸ್ಟೆಲ್ಲಾ ಇನ್ನೂ ತೋಳಿನ ಕೂಸಾಗಿದ್ದಾಗ, ಒಂದು ಭಾನುವಾರ ಚರ್ಚಿನಲ್ಲಿ ಯೇಸುವಿನ ಶುಭಸಂದೇಶ ಓದುವಾಗ ಅದು ಬಂತು. ಪೀಠಕ್ಕೆ ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಒಂದಾಗು ಎಂಬ ಮಾತು. ಎಲ್ಲರೂ ಕೇಳಿದರು, ಎಲ್ಲರೂ ಬಹಳ ಒಳ್ಳೆಯ ಮಾತೆಂದು ತಲೆಯಾಡಿಸಿದರು. ಕಾಣಿಕೆಯ ಚೀಲ ಗಂಡಸರ ಸಾಲಿಗೆ ಬಂದಾಗ ಇನ್ನಾಸಪ್ಪ ಎದ್ದು, ಚಪ್ಪಲಿ ಕಿರ್ರೆನಿಸುತ್ತ ನಡುದಾರಿಯಲ್ಲೇ ನಡೆದು ಹೊರಟುಹೋದ.

ಹೆಂಗಸರ ಸಾಲಿನಲ್ಲಿದ್ದ ಆರೋಗ್ಯಮ್ಮ ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡಳು. ಪರಮಪ್ರಸಾದದ ಹೊತ್ತಿಗೆ ಅವನು ಬೆವರು ಒರೆಸುತ್ತ ವಾಪಸ್ಸು ಬಂದು ಸಾಲಿನಲ್ಲಿ ನಿಂತ. ಹಿಂದಿನ ದಿನ ವೃಷಭೇಂದ್ರಪ್ಪನವರಿಗೆ ಬೈದದ್ದು ಆಗ ನೆನಪಾಯಿತಂತೆ.

ಪೂಜೆ ಮುಗಿದ ಮೇಲೆ ಹಳೆಯ ಗುರುಗಳು ಅವನನ್ನು ಕರೆದು, “ಹೋಗೋದಾದರೆ ಪೂಜೆಗೆ ಮುಂಚೆಯೇ ಹೋಗಿ ಬಾರಪ್ಪ, ಜನ ನೋಡ್ತಾರೆ,” ಎಂದರು.

“ಮುಂಚೆ ನೆನಪಾಗಲ್ಲ ಸ್ವಾಮಿ,” ಎಂದ ಇನ್ನಾಸಪ್ಪ. “ಚೀಲ ಮುಂದೆ ಬಂದಾಗಲೇ ನೆನಪಾಗೋದು. ಅಲ್ಲೂ ಹಾಗೇ ಹೇಳಿದೆಯಲ್ಲ.”

ಗುರುಗಳು ನಕ್ಕುಬಿಟ್ಟರು. ಅಂದಿನಿಂದ ಅದು ನಡೆದುಕೊಂಡೇ ಬಂತು. ಮುಂಗೋಪಿಗೆ ವಾರಕ್ಕೊಬ್ಬರಾದರೂ ಸಿಗುತ್ತಿದ್ದರು. ದೂರದವರ ಮನೆಗೆ ಮಧ್ಯಾಹ್ನ, ಹತ್ತಿರದವರ ಮನೆಗೆ ಪೂಜೆಯ ನಡುವೆಯೇ. ಸೈಕಲ್ಲಿಗೆ ಭಾನುವಾರ ಬೀಗವಿಲ್ಲ. ಚರ್ಚಿನ ಪಕ್ಕದ ಬಾಗಿಲ ಹತ್ತಿರ ಅದಕ್ಕೊಂದು ಕಾಯಂ ಜಾಗ. ಅವನು ಎದ್ದನೆಂದರೆ, ಪೂಜೆಗೆ ನೆರವಾಗುವ ಉಪದೇಶಿ ಚೌರಪ್ಪ ಕಾಣಿಕೆಯ ಚೀಲವನ್ನು ನಿಧಾನವಾಗಿ ಸಾಗಿಸುತ್ತಿದ್ದ, ಹಾಡುವವರಿಗೆ ಇನ್ನೊಂದು ಚರಣ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ, ಪೂಜೆಯ ಗಂಟೆಯನ್ನು ಕೈಯಲ್ಲಿ ಹಿಡಿದು ಬಾಗಿಲ ಕಡೆ ನೋಡುತ್ತ ನಿಲ್ಲುತ್ತಿದ್ದ.

ಚರ್ಚಿಗೆ ಸೇರಿದ ಇಡೀ ಧರ್ಮಕೇಂದ್ರಕ್ಕೆ ಅದೊಂದು ತಮಾಷೆ. ಆರೋಗ್ಯಮ್ಮನಿಗೆ ಮಾತ್ರ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು. “ಬೈಯೋದನ್ನ ಬಿಟ್ಟರೆ ಹೋಗೋ ತಾಪತ್ರಯವೇ ಇರಲ್ಲ ಅಲ್ವಾ?” ಎಂದು ಅವಳು ಸಾವಿರ ಸಲ ಕೇಳಿದ್ದಳು. “ಅದು ನನ್ನ ಕೈಲಾಗಲ್ಲ ಕಣೆ. ಇದು ಆಗುತ್ತೆ,” ಎನ್ನುತ್ತಿದ್ದ ಅವನು.

*

ಮಧ್ಯಾಹ್ನ ಪೆಟ್ಟಿಗೆಯನ್ನು ಹೊರಗೆ ತಂದರು. ಚರ್ಚು ಹತ್ತಿರವೇ ಇದ್ದುದರಿಂದ ಹೆಗಲ ಮೇಲೆಯೇ ಒಯ್ಯುವುದೆಂದಾಯಿತು. ವೃಷಭೇಂದ್ರಪ್ಪನವರು ಸೈಕಲ್ಲನ್ನು ತಳ್ಳಿಕೊಂಡು ಪೆಟ್ಟಿಗೆಯ ಹಿಂದೆಯೇ ಹೊರಟರು.

“ಅದ್ಯಾಕೆ ಸಾರ್, ಸೈಕಲ್ಲು?” ಎಂದು ಯಾರೋ ಕೇಳಿದರು.

“ಇದಿಲ್ಲದೆ ಅವರು ಯಾವತ್ತು ಚರ್ಚಿಗೆ ಹೋಗಿದ್ರು, ಹೇಳಿ?”

ಆರೋಗ್ಯಮ್ಮ ಸ್ಟೆಲ್ಲಾಳ ತೋಳು ಹಿಡಿದು ನಡೆಯುತ್ತಿದ್ದಳು. ಕಾಲು ಮುಂದೆ ಹೋಗುತ್ತಿದ್ದರೂ ಕಣ್ಣು ರಸ್ತೆಯ ಆ ಬದಿಗೆ ಜಾರುತ್ತಿತ್ತು. ಆ ಬದಿಯಲ್ಲಿ, ನಿಂತ ಕಾರುಗಳ ಹಿಂದೆ, ಲೂರ್ದು ಒಬ್ಬಳೇ ನಡೆದುಬರುತ್ತಿದ್ದಳು. ಮೆರವಣಿಗೆ ನಿಂತರೆ ನಿಲ್ಲುವಳು, ನಡೆದರೆ ನಡೆಯುವಳು. ಎಂಟು ವರ್ಷಗಳಲ್ಲಿ ಇಳಿದುಹೋಗಿದ್ದಾಳೆ. ಬಲಗಾಲು ಎಳೆದು ಹಾಕುತ್ತಾಳೆ, ಥೇಟ್ ಅಮ್ಮನ ಹಾಗೆ. ಕಾಲಿಗೆ ಏನಾಗಿದೆಯೋ, ಯಾವ ಡಾಕ್ಟರಿಗೆ ತೋರಿಸಿದ್ದಾಳೋ. ಆರೋಗ್ಯಮ್ಮನಿಗೆ ತನ್ನ ಮೇಲೆ ಸಿಟ್ಟು ಬಂತು, ಅವಳ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾಕೆ ಬಂದಳು? ಬಂದಮೇಲೆ ಯಾಕೆ ಹತ್ತಿರ ಬರುವುದಿಲ್ಲ? ಮೈಮೇಲೆ ಬಿದ್ದು ಅತ್ತಿದ್ದರೆ ನಾನೇನು ತಳ್ಳಿಬಿಡುತ್ತಿದ್ದೆನೇ?

“ಅಮ್ಮಾ, ಚಿಕ್ಕಮ್ಮ ಕಾಂಪೌಂಡಿನ ಹೊರಗೇ ನಿಂತುಬಿಟ್ರು,” ಎಂದಳು ಸ್ಟೆಲ್ಲಾ, ಚರ್ಚಿನ ಮೆಟ್ಟಿಲು ಹತ್ತುವಾಗ.

“ಸುಮ್ನೆ ನಡಿಯೇ,” ಎಂದಳು ಆರೋಗ್ಯಮ್ಮ.

*

ಅಕ್ಕತಂಗಿಯರ ಅಮ್ಮನನ್ನು ಕೊನೆಯ ತನಕ ನೋಡಿಕೊಂಡವಳು ಲೂರ್ದು. ಆರೋಗ್ಯಮ್ಮ ತಿಂಗಳಿಗೊಂದು ಸಲ ಹೋಗಿ ಬರುತ್ತಿದ್ದಳು. ಹೋದಾಗಲೆಲ್ಲ ಅಮ್ಮ ಕೈಹಿಡಿದು, “ಇವಳು ನನಗೆ ಹೊಟ್ಟೆ ತುಂಬ ಹಾಕಲ್ಲ ಕಣೆ, ಅನ್ನ ಕೇಳಿದರೆ ಇಷ್ಟೇ ಇಷ್ಟು,” ಎಂದು ಅಳುತ್ತಿದ್ದಳು. ಸಕ್ಕರೆ ಕಾಯಿಲೆ, ಕಾಲಲ್ಲಿ ಮಾಯದ ಗಾಯ, ಡಾಕ್ಟರು ಪಥ್ಯ ಹೇಳಿದ್ದಾರೆ ಎಂದು ಲೂರ್ದು ಹೇಳಿದರೂ ಆರೋಗ್ಯಮ್ಮನ ಕಿವಿಯಲ್ಲಿ ಉಳಿದದ್ದು ಅಮ್ಮನ ಅಳು ಮಾತ್ರ.

ಎಂಟು ವರ್ಷದ ಹಿಂದೆ, ಅಮ್ಮನನ್ನು ಗುಣಿಗೆ ಇಳಿಸಿದ ದಿನ ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುತ್ತಿದ್ದರು. ಲೂರ್ದು ಬಗ್ಗಿ ಮಣ್ಣು ತೆಗೆದುಕೊಂಡಳು. ಆಗ ಆರೋಗ್ಯಮ್ಮನ ಬಾಯಿಂದ ಎಲ್ಲರಿಗೂ ಕೇಳುವಂತೆ ಬಂದುಬಿಟ್ಟಿತು. “ಬದುಕಿದ್ದಾಗ ಒಂದು ತುತ್ತು ನೆಟ್ಟಗೆ ಹಾಕಲಿಲ್ಲ. ಈಗ ಮಣ್ಣು ಹಾಕ್ತಾಳೆ.”

ಲೂರ್ದುವಿನ ಮುಷ್ಟಿಯಲ್ಲಿದ್ದ ಮಣ್ಣು ಅಲ್ಲೇ ಉಳಿಯಿತು. ಅವಳು ಅದನ್ನು ಹಾಕಲೇ ಇಲ್ಲ. ಮಾರನೆಯ ದಿನ ಮಾತಾಡಲು ಬಂದವಳನ್ನು ಆರೋಗ್ಯಮ್ಮ ಬಾಗಿಲಲ್ಲೇ ತಡೆದಳು. “ನಮ್ಮನೇಲಿ ಯಾರು ಸತ್ತರೂ ನೀನು ಈ ಹೊಸ್ತಿಲು ತುಳೀಬೇಡ.”

ಆಮೇಲೆ ಪ್ರತಿ ಭಾನುವಾರ, ಕಾಣಿಕೆಯ ಹೊತ್ತಿಗೆ, ಇನ್ನಾಸಪ್ಪ ಎದ್ದು ಹೊರಡುವ ಮುನ್ನ ಹೆಂಗಸರ ಸಾಲಿನ ಕಡೆ ಒಮ್ಮೆ ನೋಡುತ್ತಿದ್ದ. ಬರ್ತೀಯಾ ಎಂದು ಕೇಳುವ ಹಾಗೆ. ಅವನಿಗೆ ಯಾರೂ ನೆನಪಾಗದ ಭಾನುವಾರಗಳಲ್ಲೂ ಆ ನೋಟ ತಪ್ಪುತ್ತಿರಲಿಲ್ಲ. ಆರೋಗ್ಯಮ್ಮ ಕಣ್ಣೆತ್ತಿ ಫ್ಯಾನು ನೋಡುತ್ತ ಕೂರುತ್ತಿದ್ದಳು.

ಮನೆಯಲ್ಲಿ ಒಂದು ದಿನ ಅವಳೇ ಸಿಡಿದಳು. “ನಾನೇನು ತಪ್ಪು ಮಾಡಿದೀನಿ? ಅಮ್ಮ ಹೇಳಿದ್ದನ್ನೇ ಹೇಳಿದ್ದು.”

“ತಪ್ಪು ಯಾರದು ಅಂತ ಶುಭಸಂದೇಶದಲ್ಲಿ ಕೇಳೇ ಇಲ್ವಲ್ಲೇ,” ಎಂದಿದ್ದ ಇನ್ನಾಸಪ್ಪ, ಕುಕ್ಕರಿನ ವಿಸಲ್ಲಿಗೆ ತಂತಿ ಚುಚ್ಚುತ್ತ. “ಅವಳಿಗೆ ನಿನ್ನ ಮೇಲೆ ಬೇಜಾರಿದೆಯೋ ಇಲ್ವೋ, ಅಷ್ಟೇ ಕೇಳಿರೋದು.”

“ಹಾಗಾದ್ರೆ ನೀವೇ ಹೋಗಿ ಬನ್ನಿ. ಊರವರ ಮನೆಗೆಲ್ಲ ಹೋಗ್ತೀರಲ್ಲ!”

“ನಿನ್ನ ಕಟ್ಟಳೇನ ನಾನು ಹೆಂಗೆ ನಡೆಸಲಿ?”

ಹೋದ ಭಾನುವಾರವೂ ನೋಡಿದ್ದ. ಅವಳೂ ಫ್ಯಾನು ನೋಡಿದ್ದಳು. ಸೋಮವಾರ ಅಂಗಡಿಯಲ್ಲಿ, ಮಡಿಲಲ್ಲಿ ಯಾರದೋ ಕುಕ್ಕರ್ ಇಟ್ಟುಕೊಂಡೇ ಅವನು ಗೋಡೆಗೊರಗಿದ. ಮತ್ತೆ ಏಳಲಿಲ್ಲ.

*

ಚರ್ಚು ತುಂಬಿತ್ತು. ಪೆಟ್ಟಿಗೆಯನ್ನು ಪೀಠದ ಮುಂದೆ ಇಟ್ಟರು, ಮುಚ್ಚಳವನ್ನು ಪಕ್ಕದ ಗೋಡೆಗೆ ಒರಗಿಸಿದರು. ಆರೋಗ್ಯಮ್ಮನ ಕಣ್ಣು ಗಂಡನ ಮುಖದ ಮೇಲೆ ನಿಲ್ಲಲಿಲ್ಲ, ಆ ಮುಚ್ಚಳದ ಮೇಲೆಯೇ ಇತ್ತು. ಹೊಸದಾಗಿ ಬಂದಿದ್ದ ಕಿರಿಯ ಗುರುಗಳು ಪ್ರಬೋಧನೆಯಲ್ಲಿ ಇನ್ನಾಸಪ್ಪನನ್ನು ಶಾಂತ ಸ್ವಭಾವದವನೆಂದು ಹೊಗಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಸ್ಟೆಲ್ಲಾ ಅಳುವಿನ ನಡುವೆಯೇ ನಕ್ಕಳು.

ಕಾಣಿಕೆಯ ಹಾಡು ಶುರುವಾಯಿತು. ಚೌರಪ್ಪ ಚೀಲ ಹಿಡಿದು ಗಂಡಸರ ಸಾಲಿಗೆ ಬಂದ. ಮೂರನೆಯ ಬೆಂಚಿನ ಹತ್ತಿರ, ಇನ್ನಾಸಪ್ಪ ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ, ರೂಢಿಯಂತೆ ಒಂದು ಗಳಿಗೆ ನಿಂತ. ಅವನ ಜೊತೆಗೆ ಚರ್ಚಿನ ಅರ್ಧ ತಲೆಗಳು ಆ ಕಡೆ ತಿರುಗಿದವು. ಯಾರೂ ಏಳಲಿಲ್ಲ.

ಆರೋಗ್ಯಮ್ಮ ತಲೆಯೆತ್ತಿ ಫ್ಯಾನು ನೋಡಿದಳು. ಕರೆಂಟು ಹೋಗಿ ಅದು ನಿಂತಿತ್ತು. ಕಣ್ಣು ಕೆಳಗಿಳಿದು ಪೆಟ್ಟಿಗೆಗೆ ಬಂತು. ಬೆಳಿಗ್ಗೆ ಅರ್ಧಕ್ಕೆ ಬಿಟ್ಟಿದ್ದ ಜಪಮಾಲೆ ಅವನ ಬೆರಳುಗಳಿಂದ ಬಿಚ್ಚಿಕೊಂಡು ಎದೆಯ ಮೇಲೆ ಬಿದ್ದಿತ್ತು. ನೋಡುವವರು ಇನ್ನಿಲ್ಲ. ಇನ್ನು ಮೇಲೆ ಯಾವ ಭಾನುವಾರವೂ ಯಾರೂ ಅವಳ ಕಡೆ ತಿರುಗಿ ನೋಡುವುದಿಲ್ಲ.

ಅವಳು ಎದ್ದಳು.

“ಅಮ್ಮಾ, ತಲೆ ಸುತ್ತುತ್ತಾ?” ಸ್ಟೆಲ್ಲಾ ಸೆರಗು ಹಿಡಿದಳು.

“ಇಲ್ಲ, ಬಿಡು.”

ನಡುದಾರಿಯಲ್ಲಿ, ಎಲ್ಲರ ಕಣ್ಣೆದುರಿಗೆ, ಮೂವತ್ತೈದು ವರ್ಷ ಗಂಡ ನಡೆದದ್ದಕ್ಕೆ ನಾಚಿ ಸತ್ತಿದ್ದ ಅದೇ ದಾರಿಯಲ್ಲಿ, ಆರೋಗ್ಯಮ್ಮ ನಡೆದಳು. ಕಿರಿಯ ಗುರುಗಳು ಕಾಣಿಕೆಯ ತಟ್ಟೆ ಹಿಡಿದು ಏನಾಯಿತೆಂಬಂತೆ ನೋಡಿದರು. ಚೌರಪ್ಪ ಪೀಠದ ಬಳಿಗೆ ಓಡಿ ಅವರ ಕಿವಿಯಲ್ಲಿ ಏನೋ ಹೇಳಿದ.

ಪಕ್ಕದ ಬಾಗಿಲ ಹೊರಗೆ, ಕಾಯಂ ಜಾಗದಲ್ಲಿ ಸೈಕಲ್ಲು ನಿಂತಿತ್ತು, ಬೀಗವಿಲ್ಲದೆ. ಒಳಗೆ ಯಾವಾಗ ಕೂರಬೇಕು ಯಾವಾಗ ಏಳಬೇಕು ತಿಳಿಯದೆ ವೃಷಭೇಂದ್ರಪ್ಪನವರು ಅಲ್ಲೇ ಮೆಟ್ಟಿಲ ಮೇಲಿದ್ದರು.

“ಲೂರ್ದು ಎಲ್ಲಿ?”

“ಈಗ ತಾನೇ ಬಸ್ ಸ್ಟಾಪಿಗೆ ಹೋದ್ರು ಕಣಮ್ಮ. ‘ಅಕ್ಕ ಹೊರಗೆ ಬರೋ ಹೊತ್ತಿಗೆ ನನ್ನ ಮುಖ ಕಾಣೋದು ಬೇಡ’ ಅಂದ್ರು. ನಾನು ಓಡಿ ಹೋಗಿ ಕರ್ಕೊಂಡು ಬರ್ಲಾ?”

“ಬೇಡಿ. ನಾನೇ ಹೋಗಬೇಕು,” ಎಂದಳು ಆರೋಗ್ಯಮ್ಮ. ಸೈಕಲ್ ಹೊಡೆಯಲು ಬಾರದಿದ್ದರೂ ಯಾಕೋ ಅದರ ಹ್ಯಾಂಡಲ್ ಹಿಡಿದು ತಳ್ಳಿಕೊಂಡೇ ಹೊರಟಳು.

ಬಸ್ ಸ್ಟಾಪು ಕಾಂಪೌಂಡಿನ ಗೋಡೆಗೆ ಅಂಟಿಕೊಂಡಂತಿತ್ತು. ಬಸ್ಸು ಬಂದು ನಿಂತಾಗಿತ್ತು. ಲೂರ್ದು ಕಂಬಿ ಹಿಡಿದು ಬಲಗಾಲನ್ನು ಕಷ್ಟದಿಂದ ಮೆಟ್ಟಿಲಿಗೆ ಎತ್ತಿಡುತ್ತಿದ್ದಳು.

“ಲೂರ್ದೂ!”

ಲೂರ್ದು ತಿರುಗಿದಳು. “ಹತ್ತಮ್ಮ ಬೇಗ, ಇಲ್ಲಾಂದ್ರೆ ಇಳಿ,” ಎಂದ ಕಂಡಕ್ಟರ್. ಅವಳು ಕಾಲನ್ನು ಕೆಳಗಿಟ್ಟಳು. ಬಸ್ಸು ಹೊರಟುಹೋಯಿತು.

“ಪೂಜೆ ಮುಗೀತಾ ಅಕ್ಕ?”

“ಇಲ್ಲ.” ಆರೋಗ್ಯಮ್ಮನಿಗೆ ಏದುಸಿರು ಬರುತ್ತಿತ್ತು. ಹೇಳಲು ಎಂಟು ವರ್ಷದ ಮಾತಿತ್ತು. ‘ಅವಳು ನನಗೂ ಅಮ್ಮ ತಾನೇ’ ಎನ್ನಬಹುದಿತ್ತು, ‘ಅಮ್ಮ ಅತ್ತದ್ದನ್ನು ನೋಡಿ ಹಾಗೆ ಅಂದುಬಿಟ್ಟೆ’ ಎನ್ನಬಹುದಿತ್ತು. ಅದೆಲ್ಲವನ್ನೂ ಬಿಟ್ಟು, ಪರರ ಬಾಗಿಲಲ್ಲಿ ಗಂಡ ಆಡುತ್ತಿದ್ದ ಮಾತು ಬಂತು. “ನಿನಗೆ ನನ್ನ ಮೇಲೆ ಬೇಜಾರಿದೆ. ಅದನ್ನ ಕೇಳೋಕೆ ಬಂದೆ.”

ಲೂರ್ದು ತಲೆ ಅಲ್ಲಾಡಿಸಿದಳು. “ಇವತ್ತು ಬೇಡ ಅಕ್ಕ. ಭಾವ ಅಲ್ಲಿ...”

“ಇವತ್ತೇ. ಹೇಳು.”

ಲೂರ್ದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೆರಗು ತಾನಾಗಿ ಜಾರಿತು. “ಅಮ್ಮ ಬೆಲ್ಲ ಕೇಳೋಳು. ಮಗು ಹಾಗೆ ಅತ್ತು ಕೇಳೋಳು. ಕೊಟ್ಟರೆ ಕಾಲು ಕತ್ತರಿಸಬೇಕಾಗುತ್ತೆ ಅಂದಿದ್ರು ಡಾಕ್ಟ್ರು. ಅವಳ ಕಣ್ಣಿಗೆ ಬೀಳಬಾರದು ಅಂತ ನನ್ನ ಮಕ್ಕಳಿಗೂ ಕೊಡದೆ, ನಾನೂ ತಿನ್ನದೆ ಡಬ್ಬಿಗೆ ಬೀಗ ಹಾಕಿಡ್ತಿದ್ದೆ. ಎರಡು ಕಾಲೂ ಇಟ್ಕೊಂಡೇ ಹೋದಳು ಅಮ್ಮ. ಅದನ್ನ ಯಾರೂ ನೋಡಲಿಲ್ಲ. ನೀನು ಊರೆಲ್ಲ ಕೇಳೋ ಹಾಗೆ ತುತ್ತು ಹಾಕಲಿಲ್ಲ ಅಂದೆ. ಹೆತ್ತ ತಾಯಿಗೆ ಹಿಡಿ ಮಣ್ಣು ಹಾಕಲಿಲ್ಲ ನಾನು. ಹಾಕೋಕೆ ಬಿಡಲಿಲ್ಲ ನೀನು. ಇವತ್ತಿನ ತನಕ ನನ್ನ ಮನೆಗೆ ಬೆಲ್ಲ ತಂದಿಲ್ಲ ಅಕ್ಕ, ಗೊತ್ತಾ ನಿನಗೆ?”

ಆರೋಗ್ಯಮ್ಮನ ಗಂಟಲಿಗೆ ಉತ್ತರ ಬಂತು. ಅವಳು ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಅದನ್ನು ನುಂಗಿದಳು. ಕಣ್ಣೀರು ಮಾತ್ರ ನುಂಗಲಾಗಲಿಲ್ಲ, ಬೆಳಿಗ್ಗೆಯಿಂದ ಬಾರದಿದ್ದದ್ದು ಈಗ ಧಾರಾಕಾರವಾಗಿ ಇಳಿಯಿತು.

“ಇನ್ನೇನಾದ್ರೂ ಇದೆಯಾ?”

“ಇದೆ,” ಎಂದಳು ಲೂರ್ದು.

“ಹೇಳು.”

ಚರ್ಚಿನೊಳಗೆ ಕಾಣಿಕೆಯ ಹಾಡು ಮುಗಿದು, ಮೊದಲಿನಿಂದ ಮತ್ತೆ ಶುರುವಾಯಿತು. ಪಕ್ಕದ ಬಾಗಿಲಲ್ಲಿ ಮುದುಕ ಚೌರಪ್ಪ ಬಂದು ನಿಂತಿದ್ದ. ಗೋಡೆಯಾಚೆಗಿನ ಅಕ್ಕತಂಗಿಯರನ್ನು ಒಮ್ಮೆ ನೋಡಿ, ಒಳಗಿನವರಿಗೆ ಇನ್ನೂ ಸ್ವಲ್ಪ ಎಂದು ಕೈಯಾಡಿಸಿದ. ಪೂಜೆಯ ಗಂಟೆ ಅವನ ಇನ್ನೊಂದು ಕೈಯಲ್ಲಿತ್ತು. ಅಪ್ಪಿತಪ್ಪಿಯೂ ಸದ್ದಾಗದಂತೆ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ.